ಶೋರೂಮ್‌ನಲ್ಲಿ 18, ಚಾಮರಾಜಪುರಂನಲ್ಲಿ 11

ಬೆಂಗಳೂರಿನವರಿಗೆ ಒಂದು ಅನುಕೂಲ ಇದೆ. ಕಾರು ಮೈಲೇಜ್ ಕೊಡ್ತಿಲ್ಲ ಅಂದ್ರೆ ಸಿಲ್ಕ್ ಬೋರ್ಡ್ ಕಡೆ ಕೈ ತೋರಿಸಿ ಸುಮ್ಮನಾಗಬಹುದು. ಮೈಸೂರಿನವರಿಗೆ ಆ ನೆಪ ಇಲ್ಲ. ನಮ್ಮ ಚಾಮರಾಜಪುರಂನಿಂದ ದೇವರಾಜ ಮಾರ್ಕೆಟ್‌ಗೆ ಹೆಚ್ಚು ಕಡಿಮೆ ಹತ್ತು ನಿಮಿಷ. ಗಂಟೆಗಟ್ಟಲೆ ಒಂದೇ ಕಡೆ ನಿಲ್ಲಿಸೋ ಟ್ರಾಫಿಕ್ ದಸರಾ ದಿನಗಳನ್ನು ಬಿಟ್ಟರೆ ಇಲ್ಲ ಅಂತಲೇ ಹೇಳಬಹುದು. ಹೀಗಿದ್ದೂ ನಮ್ಮ ಬೀದಿಯಲ್ಲಿ ಸೆಡಾನ್ ಇಟ್ಕೊಂಡಿರೋ ಯಾರನ್ನಾದ್ರೂ ಕೇಳಿ ನೋಡಿ. ಶೋರೂಮ್‌ನಲ್ಲಿ ಲೀಟರ್‌ಗೆ 18 ಅಂತ ಹೇಳಿದ್ದ ಪೆಟ್ರೋಲ್ ಕಾರು ಊರೊಳಗೆ 10 ಕೊಡ್ತಿರತ್ತೆ, 11 ಕೊಡ್ತಿರತ್ತೆ. 12 ಬಂದವರು ಅದನ್ನ ಸ್ವಲ್ಪ ಜಂಬದಿಂದಲೇ ಹೇಳ್ತಾರೆ.

ಈ ಅಂತರಕ್ಕೆ ನಮ್ಮಲ್ಲಿ ಚಾಲ್ತಿಯಲ್ಲಿರೋ ಕಾರಣಗಳು ಮೂರು. ಕಂಪನಿಯವರು ಸುಳ್ಳು ಹೇಳಿದ್ದಾರೆ, ಬಂಕ್‌ನವರು ಕಡಿಮೆ ಹಾಕಿದ್ದಾರೆ, ಅಥವಾ ಓಡಿಸೋರಿಗೆ ಓಡಿಸೋಕೆ ಬರಲ್ಲ. ನಮ್ಮ ಮನೆಯಲ್ಲಿ ಮೂರನೆಯದೇ ತೀರ್ಪು, ಮತ್ತೆ ಆ 'ಓಡಿಸೋರು' ನಮ್ಮ ಅಮ್ಮ. ಊರೊಳಗಿನ ಓಡಾಟ ಪೂರ್ತಿ ಅಮ್ಮನದು. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿ ಬರೋದು ಅಪ್ಪ. ಅಪ್ಪನ ಕೈಯಲ್ಲಿ ಅದೇ ಕಾರು 19 ಕೊಡತ್ತೆ, ಅಮ್ಮನ ಕೈಯಲ್ಲಿ 11. ಇನ್ನೇನು ಸಾಕ್ಷಿ ಬೇಕು ಅನ್ನೋದು ಅಪ್ಪನ ವಾದ.

ಸಾಕ್ಷಿ ಬೇಕು. ಅದಕ್ಕೆ ಮೊದಲು ಆ 18 ಎಲ್ಲಿಂದ ಬಂತು ಅಂತ ನೋಡೋಣ.

ನಮ್ಮ ದೇಶದಲ್ಲಿ ಕಾರಿನ ಅಧಿಕೃತ ಮೈಲೇಜ್‌ಗೆ ಜನ 'ಎಆರ್‌ಎಐ ಮೈಲೇಜ್' ಅಂತಾರೆ. ಎಆರ್‌ಎಐ ಅಂದ್ರೆ ಪುಣೆಯಲ್ಲಿ 1966ರಲ್ಲಿ ಶುರುವಾದ ಆಟೋಮೋಟಿವ್ ರಿಸರ್ಚ್ ಅಸೋಸಿಯೇಶನ್ ಆಫ್ ಇಂಡಿಯಾ. ಅಲ್ಲಿ ಕಾರನ್ನ ರಸ್ತೆಗೆ ಇಳಿಸಲ್ಲ. ಒಂದು ಹಾಲ್ ಒಳಗೆ ದೊಡ್ಡ ರೋಲರ್‌ಗಳ ಮೇಲೆ ಅದರ ಚಕ್ರ ನಿಲ್ಲಿಸ್ತಾರೆ. ನಮ್ಮ ಲ್ಯಾಬ್ ಮ್ಯಾನುಯಲ್‌ನಲ್ಲಿ ಬರೋ ಚಾಸಿಸ್ ಡೈನಮೋಮೀಟರ್ ಅದೇ. ಜಿಮ್‌ನಲ್ಲಿ ಟ್ರೆಡ್‌ಮಿಲ್ ಮೇಲೆ ಓಡೋ ಹಾಗೆ ಕಾರು ನಿಂತಲ್ಲೇ ಓಡತ್ತೆ. ಗಾಳಿ ಮತ್ತು ಟೈರ್ ಒಡ್ಡೋ ತಡೆಯನ್ನ ಮೊದಲೇ ಲೆಕ್ಕ ಹಾಕಿ ರೋಲರ್‌ಗೆ ತುಂಬಿಸಿರ್ತಾರೆ. ಡ್ರೈವರ್ ಎದುರಿಗೆ ಒಂದು ಪರದೆ, ಅದರಲ್ಲಿ ಇಷ್ಟನೇ ಸೆಕೆಂಡಿಗೆ ಇಷ್ಟು ವೇಗ ಅನ್ನೋ ಗೆರೆ. ಆ ಗೆರೆ ಬಿಟ್ಟು ಆಚೀಚೆ ಹೋಗೋ ಹಾಗಿಲ್ಲ. ಯಾವಾಗ ಯಾವ ಗೇರ್ ಹಾಕಬೇಕು ಅನ್ನೋದೂ ಮೊದಲೇ ತೀರ್ಮಾನ ಆಗಿರತ್ತೆ. ಎಸಿ ಆಫ್.

ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ ಆಯ್ತು. ಅಲ್ಲಿ ಎಷ್ಟು ಪೆಟ್ರೋಲ್ ಖರ್ಚಾಯ್ತು ಅಂತ ಟ್ಯಾಂಕ್ ನೋಡಿ ಅಳೆಯಲ್ಲ. ಸೈಲೆನ್ಸರ್‌ನಿಂದ ಬರೋ ಹೊಗೆಯನ್ನ ಚೀಲಗಳಲ್ಲಿ ಹಿಡಿದು ಅದರಲ್ಲಿ ಎಷ್ಟು ಕಾರ್ಬನ್ ಇದೆ ಅಂತ ನೋಡ್ತಾರೆ. ಹೊರಗೆ ಬಂದ ಕಾರ್ಬನ್ ಎಲ್ಲಾ ಪೆಟ್ರೋಲ್‌ನಿಂದಲೇ ಬಂದಿರಬೇಕಲ್ಲ, ಹಾಗಾಗಿ ಹಿಂದಕ್ಕೆ ಲೆಕ್ಕ ಹಾಕಿದ್ರೆ ಉರಿದ ಪೆಟ್ರೋಲ್ ಎಷ್ಟು ಅಂತ ಸಿಗತ್ತೆ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಬರತ್ತೆ. ಲೀಟರ್‌ಗೆ 18 ಕಿ.ಮೀ. ಓಡೋ ಕಾರು ಅಂದ್ರೆ ಕಿಲೋಮೀಟರ್‌ಗೆ ಸುಮಾರು 128 ಗ್ರಾಂ. ಪಿಯುಸಿಯಲ್ಲಿ ಮೋಲ್ ಲೆಕ್ಕ ಮಾಡಿದ್ದು ಎಲ್ಲಿ ಉಪಯೋಗಕ್ಕೆ ಬರತ್ತೋ ಅಂತ ಬೈಕೊಂಡವರಿಗೆ ಉತ್ತರ ಇಲ್ಲಿದೆ.

ಪರದೆ ಮೇಲಿನ ಆ ಗೆರೆಗೆ ಮಾಡಿಫೈಡ್ ಇಂಡಿಯನ್ ಡ್ರೈವಿಂಗ್ ಸೈಕಲ್ ಅಂತ ಹೆಸರು. ಹೆಸರಲ್ಲಿ ಇಂಡಿಯನ್ ಇದ್ರೂ ಅದು ಯುರೋಪಿನ ಹಳೆಯ ಪರೀಕ್ಷೆಯ ತಮ್ಮ. ಒಟ್ಟು 1180 ಸೆಕೆಂಡ್, ಅಂದ್ರೆ ಇಪ್ಪತ್ತು ನಿಮಿಷಕ್ಕೂ ಸ್ವಲ್ಪ ಕಡಿಮೆ. ಮೊದಲ 780 ಸೆಕೆಂಡ್ 'ಊರು': 195 ಸೆಕೆಂಡಿನ ಒಂದೇ ಪಾಠವನ್ನ ನಾಲ್ಕು ಸಲ ಒಪ್ಪಿಸೋದು, ಗರಿಷ್ಠ ವೇಗ 50. ಉಳಿದ 400 ಸೆಕೆಂಡ್ 'ಊರಾಚೆ', ಅಲ್ಲಿ ಗರಿಷ್ಠ ವೇಗ 90. ಯುರೋಪಿನ ಮೂಲದಲ್ಲಿ ಅದು 120 ಇತ್ತು, ನಮ್ಮ ರಸ್ತೆ ನೋಡಿ ಇಳಿಸಿದ್ದಾರೆ. ಒಟ್ಟು ದೂರ ಸುಮಾರು 10.6 ಕಿ.ಮೀ.

ಊರಿನ ಭಾಗದಲ್ಲಿ ಸೊನ್ನೆಯಿಂದ 50ಕ್ಕೆ ಹೋಗೋಕೆ ಕೊಟ್ಟಿರೋ ಸಮಯ 26 ಸೆಕೆಂಡ್. ಒಂದ್ಸಲ ಮನಸ್ಸಲ್ಲೇ 26 ಎಣಿಸಿ ನೋಡಿ. ರಾಮಸ್ವಾಮಿ ಸರ್ಕಲ್‌ನಲ್ಲಿ ಹಸಿರು ದೀಪ ಬಿದ್ದ ಮೇಲೆ ಯಾರಾದ್ರೂ ಈ ರೀತಿ ಹೊರಟ್ರೆ ಹಿಂದಿನ ಆಟೋದವರು ಅವರ ವಂಶವನ್ನೆಲ್ಲಾ ನೆನೆಸ್ತಾರೆ.

ಇಷ್ಟು ಓದಿದ ಮೇಲೆ 'ಹಾಗಾದ್ರೆ ಇದು ಮೋಸನೇ ಅಲ್ವಾ' ಅಂತ ಅನಿಸಬಹುದು. ನನಗೆ ಹಾಗೆ ಅನಿಸಲ್ಲ. ನಾಲ್ಕು ಕಾರುಗಳನ್ನ ಹೋಲಿಸಬೇಕಾದ್ರೆ ನಾಲ್ಕಕ್ಕೂ ಒಂದೇ ಪ್ರಶ್ನೆಪತ್ರಿಕೆ ಇರಬೇಕು. ಒಂದು ಕಾರನ್ನ ಮಳೆಯಲ್ಲಿ ಮಡಿಕೇರಿ ಘಾಟಿ ಹತ್ತಿಸಿ, ಇನ್ನೊಂದನ್ನ ಮಂಡ್ಯದ ಬಯಲಲ್ಲಿ ಓಡಿಸಿ ಅಂಕ ಕೊಟ್ರೆ ಅದಕ್ಕೆ ಅರ್ಥ ಇಲ್ಲ. ಲ್ಯಾಬ್ ಇರೋದು ಅದಕ್ಕೇ. ನನ್ನ ತಕರಾರು ಬೇರೆ. ನಮಗೆ ಸಿಗೋದು ಒಂದೇ ಒಂದು ನಂಬರ್, ಮತ್ತೆ ಆ ನಂಬರ್ ಒಂದು ಮಿಶ್ರಣ ಅಂತ ಯಾರೂ ಹೇಳಲ್ಲ.

ಮಿಶ್ರಣ ಹೇಗೆ ಅಂದ್ರೆ, ಆ 10.6 ಕಿ.ಮೀ.ಯಲ್ಲಿ ಊರಿನ ಪಾಲು ಸುಮಾರು 4 ಕಿ.ಮೀ. ಮಾತ್ರ. ಮಿಕ್ಕಿದ್ದು 6.6 ಕಿ.ಮೀ. ಊರಾಚೆಯದು. ಇಲ್ಲಿಂದ ಮುಂದೆ ಲೀಟರ್‌ಗೆ ಎಷ್ಟು ಕಿ.ಮೀ. ಅನ್ನೋದನ್ನ ಪಕ್ಕಕ್ಕಿಟ್ಟು ಕಿಲೋಮೀಟರ್‌ಗೆ ಎಷ್ಟು ಎಂಎಲ್ ಅಂತ ಯೋಚಿಸೋಣ, ಕೂಡಿಸೋದು ಕಳೆಯೋದು ಸುಲಭ. 18ರ ಕಾರು ಅಂದ್ರೆ ಕಿಲೋಮೀಟರ್‌ಗೆ 55.6 ಎಂಎಲ್. 10.6 ಕಿ.ಮೀ.ಗೆ ಸುಮಾರು 590 ಎಂಎಲ್. ಅದೇ ಪರೀಕ್ಷೆಯ ಊರಿನ ಭಾಗದಲ್ಲಿ ಕಾರು 13 ಕೊಟ್ಟಿದೆ ಅಂತ ಇಟ್ಕೊಳ್ಳಿ. ಇದು ನನ್ನ ಅಂದಾಜು, ಆದ್ರೆ ಈ ಗಾತ್ರದ ಎಂಜಿನ್‌ಗೆ ತೀರಾ ಆಚೆ ಏನಿಲ್ಲ. 4 ಕಿ.ಮೀ.ಗೆ 308 ಎಂಎಲ್ ಅಲ್ಲೇ ಹೋಯ್ತು. ಉಳಿದ 282 ಎಂಎಲ್‌ನಲ್ಲಿ 6.6 ಕಿ.ಮೀ. ಓಡಿದೆ ಅಂದ್ರೆ ಆ ಭಾಗದಲ್ಲಿ ಲೀಟರ್‌ಗೆ 23. ಅಂದ್ರೆ 18ರ ಒಳಗೆ ಒಂದು 13 ಮತ್ತು ಒಂದು 23 ಅಡಗಿ ಕೂತಿವೆ. ಲ್ಯಾಬ್‌ನ ನಯವಾದ ಡ್ರೈವಿಂಗ್‌ನಲ್ಲೂ ಊರೊಳಗೆ ಸಿಗೋದು 13ರ ಆಸುಪಾಸು! ಯುರೋಪಿನಲ್ಲಿ ಹಳೆಯ ಪರೀಕ್ಷೆ ಇದ್ದಾಗ ಊರಿನದು, ಊರಾಚೆಯದು, ಎರಡೂ ಸೇರಿಸಿದ್ದು ಅಂತ ಮೂರು ನಂಬರ್ ಅಚ್ಚು ಹಾಕ್ತಿದ್ರು. ನಮ್ಮ ಶೋರೂಮ್‌ನಲ್ಲಿ ಸಿಗೋದು ಮೂರನೆಯದು ಮಾತ್ರ. ಕಾರಿನ ಹತ್ತಾರು ಫೀಚರ್‌ಗಳ ಪಟ್ಟಿ ಕೊಡೋರು ಇನ್ನೆರಡು ಅಂಕಿ ಕೊಟ್ಟಿದ್ರೆ ಎಷ್ಟೋ ಮನೆಗಳಲ್ಲಿ ಜಗಳ ತಪ್ತಿತ್ತು.

ಇನ್ನು 13ರಿಂದ 11ಕ್ಕೆ ಇಳಿಯೋದು ಹೇಗೆ? ಇಲ್ಲಿ ಮೈಸೂರು ಬರತ್ತೆ.

ನಮ್ಮ ಊರಿನ ಸಮಸ್ಯೆ ಟ್ರಾಫಿಕ್ ಅಲ್ಲ, ದೂರ. ಎಲ್ಲಾ ಹತ್ತಿರ ಇರೋದೇ ಕಷ್ಟ. ನಂಜುಮಳಿಗೆಗೆ ತರಕಾರಿಗೆ ಹೋಗೋದು, ಸರಸ್ವತಿಪುರಂಗೆ ಅಜ್ಜಿನ ಬಿಟ್ಟು ಬರೋದು, ಕುವೆಂಪುನಗರದ ಡಾಕ್ಟರ್, ಮಾರ್ಕೆಟ್, ದೇವಸ್ಥಾನ. ಒಂದೊಂದೂ ಒಂದೂವರೆ, ಎರಡು, ಹೆಚ್ಚಂದ್ರೆ ಮೂರು ಕಿ.ಮೀ. ಹೋಗಿ ನಿಲ್ಲಿಸಿ, ಗಂಟೆ ಬಿಟ್ಟು ವಾಪಸ್. ಪ್ರತಿ ಸಲ ಎಂಜಿನ್ ತಣ್ಣಗಾಗಿರತ್ತೆ ಅಥವಾ ಅರ್ಧ ತಣ್ಣಗಾಗಿರತ್ತೆ.

ತಣ್ಣಗಿರೋ ಎಂಜಿನ್‌ಗೆ ಖರ್ಚು ಜಾಸ್ತಿ. ಆಯಿಲ್ ಗಟ್ಟಿಯಾಗಿರತ್ತೆ, ಅದನ್ನ ಕಲಕೋಕೇ ಶಕ್ತಿ ಬೇಕು. ಸಿಲಿಂಡರ್ ಗೋಡೆ ತಣ್ಣಗಿದ್ರೆ ಪೆಟ್ರೋಲ್ ಪೂರ್ತಿ ಆವಿಯಾಗಲ್ಲ, ಹಾಗಾಗಿ ಎಂಜಿನ್‌ನ ಕಂಪ್ಯೂಟರ್ ಸ್ವಲ್ಪ ಹೆಚ್ಚೇ ಸಿಂಪಡಿಸತ್ತೆ. ಇದರ ಮೇಲೆ ಕ್ಯಾಟಲಿಟಿಕ್ ಕನ್ವರ್ಟರ್ ಬೇಗ ಬಿಸಿಯಾಗಲಿ ಅಂತ ಶುರುವಿನಲ್ಲಿ ಐಡ್ಲಿಂಗ್ ವೇಗವನ್ನೂ ಏರಿಸಿರತ್ತೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಎಂಜಿನ್ ಒಂಥರಾ ಗುರ್ ಅನ್ನೋದು ಅದಕ್ಕೇ. ನನ್ನ ಹತ್ತಿರ ಕಾರಿನ ಒಬಿಡಿ ಪೋರ್ಟ್‌ಗೆ ಸಿಕ್ಕಿಸೋ ಒಂದು ಬ್ಲೂಟೂತ್ ಅಡಾಪ್ಟರ್ ಇದೆ. ಅದನ್ನ ಹಾಕಿ ಒಂದು ವಾರ ಫೋನ್‌ನಲ್ಲಿ ಕೂಲೆಂಟ್ ಬಿಸಿ ನೋಡ್ತಾ ಅಮ್ಮನ ಪಕ್ಕ ಕೂತೆ. ಮನೆ ಬಿಟ್ಟಾಗ 26 ಡಿಗ್ರಿ, ನಂಜುಮಳಿಗೆ ತಲುಪಿದಾಗ 55ರ ಹತ್ತಿರ. ಎಂಜಿನ್ ನೆಮ್ಮದಿಯಾಗಿ ಓಡೋದು 85-90ರಲ್ಲಿ. ಅಂದ್ರೆ ಆ ವಾರದ ಬಹುತೇಕ ಓಡಾಟದಲ್ಲಿ ನಮ್ಮ ಎಂಜಿನ್ ಪೂರ್ತಿ ಎದ್ದೇ ಇರಲಿಲ್ಲ. ಹಲ್ಲುಜ್ಜೋ ಮುಂಚೆ ಕೆಲಸಕ್ಕೆ ಎಳೆದುಕೊಂಡು ಹೋಗಿ, ಕಾಫಿ ಬರೋ ಹೊತ್ತಿಗೆ ಮಲಗಿಸಿದ ಹಾಗೆ.

ಲ್ಯಾಬ್‌ನಲ್ಲೂ ತಣ್ಣಗಿನ ಸ್ಟಾರ್ಟ್ ಇದೆ, ಇಲ್ಲ ಅಂತಲ್ಲ. ಆದ್ರೆ ಅಲ್ಲಿ 10.6 ಕಿ.ಮೀ.ಗೆ ಒಂದು. ನಮ್ಮಲ್ಲಿ ಎರಡು ಕಿ.ಮೀ.ಗೆ ಒಂದು.

ಹಂಪ್ ಮತ್ತು ಸರ್ಕಲ್ ಬಗ್ಗೆ ಎಲ್ಲರೂ ಬೈತಾರೆ, ಹಾಗಾಗಿ ಅದನ್ನೂ ಲೆಕ್ಕ ಹಾಕಿದೆ. ಜನ ಸೇರಿ 1300 ಕೆ.ಜಿ. ತೂಗೋ ಕಾರು 40ರ ವೇಗದಲ್ಲಿದ್ರೆ ಅದರ ಚಲನಶಕ್ತಿ ಸುಮಾರು 80 ಕಿಲೋಜೂಲ್. ಬ್ರೇಕ್ ಹಾಕಿದ್ರೆ ಅಷ್ಟೂ ಬಿಸಿಯಾಗಿ ಹೋಗತ್ತೆ. ಮತ್ತೆ 40ಕ್ಕೆ ಬರೋಕೆ, ಎಂಜಿನ್ ನಾಲ್ಕರಲ್ಲಿ ಒಂದು ಪಾಲು ಶಕ್ತಿಯನ್ನ ಮಾತ್ರ ಚಕ್ರಕ್ಕೆ ಕೊಡತ್ತೆ ಅಂತ ಹಿಡಿದ್ರೆ, ಸುಮಾರು 10 ಎಂಎಲ್ ಪೆಟ್ರೋಲ್ ಬೇಕು. ಕೆಮ್ಮಿನ ಸಿರಪ್‌ನ ಎರಡು ಚಮಚ. ಕಿಲೋಮೀಟರ್‌ಗೆ ಮೂರು ಸಲ ನಿಂತ್ರೆ 30 ಎಂಎಲ್. ತುಂಬಾನೇ ಅನಿಸತ್ತೆ. ಆದ್ರೆ ಆ ಲ್ಯಾಬ್ ಪಾಠದಲ್ಲೂ ಪ್ರತಿ ಕಿಲೋಮೀಟರ್‌ಗೆ ಮೂರು ಸಲ ನಿಲ್ಲಿಸ್ತಾರೆ, ಸ್ವಲ್ಪ ಕಡಿಮೆ ವೇಗದಿಂದ ಅಷ್ಟೇ. ಹಾಗಾಗಿ ಹಂಪ್ ಮೇಲೆ ಪೂರ್ತಿ ಆರೋಪ ಹೊರಿಸೋಕೆ ಆಗಲ್ಲ. ಸೊಂಟ ನೋವಿಗೆ ಬೇಕಾದ್ರೆ ಹೊರಿಸಿ.

ಎಸಿ: ಏಪ್ರಿಲ್ ಮಧ್ಯಾಹ್ನ ಕಂಪ್ರೆಸರ್ ಗಂಟೆಗೆ ಮೂರರಿಂದ ನಾಲ್ಕುನೂರು ಎಂಎಲ್ ತಿನ್ನತ್ತೆ ಅಂತ ಇಟ್ಕೊಳ್ಳಿ. ಹೈವೇನಲ್ಲಿ ಆ ಗಂಟೆಯಲ್ಲಿ ನೀವು 90 ಕಿ.ಮೀ. ಹೋಗಿರ್ತೀರಿ, ಕಿಲೋಮೀಟರ್‌ಗೆ 4 ಎಂಎಲ್ ಬೀಳತ್ತೆ, ಗೊತ್ತೇ ಆಗಲ್ಲ. ಊರಲ್ಲಿ ಆ ಗಂಟೆಯಲ್ಲಿ 20 ಕಿ.ಮೀ. ಹೋಗಿದ್ರೆ ಹೆಚ್ಚು. ಹೊರೆ ಅಷ್ಟೇ, ಹಂಚಿಕೊಳ್ಳೋ ಕಿಲೋಮೀಟರ್ ಕಡಿಮೆ.

ಕೊನೆಗೆ ಪೆಟ್ರೋಲ್. ನಮ್ಮ ಕಾರು 2019ರದ್ದು. ಆಗ ದೇಶದ ಪೆಟ್ರೋಲ್‌ನಲ್ಲಿ ಎಥೆನಾಲ್ ಪ್ರಮಾಣ ಸರಾಸರಿ 5% ಆಸುಪಾಸು ಇತ್ತು. 2025ರ ಹೊತ್ತಿಗೆ 20% ಆಯ್ತು. ಪೆಟ್ರೋಲ್‌ನ ಒಂದು ಲೀಟರ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ, ಎಥೆನಾಲ್‌ನಲ್ಲಿ 21. ಬೆರೆಸಿ ಲೆಕ್ಕ ಹಾಕಿದ್ರೆ ಇಂದಿನ ಲೀಟರ್‌ನಲ್ಲಿ ಅಂದಿನ ಲೀಟರ್‌ಗಿಂತ ಸುಮಾರು 5% ಶಕ್ತಿ ಕಡಿಮೆ. 2021ರಲ್ಲಿ ನೀತಿ ಆಯೋಗದ ವರದಿಯೇ ಹಳೆಯ ವಿನ್ಯಾಸದ ನಾಲ್ಕು ಚಕ್ರದ ಗಾಡಿಗಳಿಗೆ 6ರಿಂದ 7% ಮೈಲೇಜ್ ಇಳಿಯಬಹುದು, ಇ20ಗೆ ಹೊಂದಿಸಿದ ಗಾಡಿಗಳಿಗೆ 1ರಿಂದ 2% ಅಂತ ಹೇಳಿತ್ತು. ಕಬ್ಬು ಬೆಳೆಯೋ ಮಂಡ್ಯ ಪಕ್ಕದಲ್ಲೇ ಇರೋದ್ರಿಂದ ಈ ವಿಷಯದಲ್ಲಿ ನಾನು ಹೆಚ್ಚು ಗೊಣಗಲ್ಲ. ಆದ್ರೆ ಮೈಲೇಜ್ ಅರ್ಧ ಆಯ್ತು ಅಂತ ಹರಡೋ ಮೆಸೇಜ್‌ಗಳೂ ಸುಳ್ಳು, ಏನೂ ಆಗಿಲ್ಲ ಅನ್ನೋದೂ ಸುಳ್ಳು.

ಎಲ್ಲಾ ಕೂಡಿಸಿ. ಊರಿನ 13 ಅಂದ್ರೆ ಕಿಲೋಮೀಟರ್‌ಗೆ 77 ಎಂಎಲ್. ಎಥೆನಾಲ್‌ಗೆ 4 ಸೇರಿಸಿ, 81. ಅರ್ಧ ಹೊತ್ತು ಎಸಿ ಅಂತ 7 ಅಥವಾ 8, ಹತ್ತಿರ ಹತ್ತಿರ 89. ಪದೇ ಪದೇ ತಣ್ಣಗಿನ ಸ್ಟಾರ್ಟ್‌ಗೆ 3-4. ಒಟ್ಟು 92 ಎಂಎಲ್, ಲೀಟರ್‌ಗೆ 10.9. ಯಾರೂ ಸುಳ್ಳು ಹೇಳಿಲ್ಲ, ಬಂಕ್‌ನವರು ಕದ್ದಿಲ್ಲ, ಅಮ್ಮ ಕೂಡ ಏನೂ ಮಾಡಿಲ್ಲ. 18 ಹೀಗೆ 11 ಆಯ್ತು.

ಈ ಲೆಕ್ಕವನ್ನ ಅಪ್ಪನಿಗೆ ತೋರಿಸಿದೆ. 'ಪೇಪರ್ ಮೇಲೆ ಎಲ್ಲಾ ಸರಿ ಇರತ್ತಪ್ಪ' ಅಂದ್ರು. ಹಾಗಾದ್ರೆ ಅದಲುಬದಲು ಮಾಡಿ ನೋಡೋಣ ಅಂತ ಒಪ್ಪಿಸಿದ್ದು ಅಮ್ಮ. ಎರಡು ವಾರ ಅಮ್ಮ ಎಂದಿನ ಹಾಗೆ ಊರೊಳಗೆ ಓಡಿಸಿದ್ರು. 158 ಕಿ.ಮೀ., ಮತ್ತೆ ಟ್ಯಾಂಕ್ ತುಂಬೋಕೆ 14.6 ಲೀಟರ್. 10.8 ಬಂತು. ಮುಂದಿನ ಎರಡು ವಾರ ಅದೇ ತರಕಾರಿ, ಅದೇ ಅಜ್ಜಿ, ಅದೇ ಡಾಕ್ಟರ್, ಆದ್ರೆ ಸ್ಟೀರಿಂಗ್ ಹಿಡಿದದ್ದು ಅಪ್ಪ. 149 ಕಿ.ಮೀ.ಗೆ 13.9 ಲೀಟರ್, 10.7. ಬೆಂಗಳೂರಿಗೆ ಅಪ್ಪ ಹೋಗಿ ಬಂದಾಗ 296 ಕಿ.ಮೀ.ಗೆ 15.4 ಲೀಟರ್, 19.2. ಅಮ್ಮ ಓಡಿಸಿಕೊಂಡು ಹೋಗಿ ಬಂದಾಗ 291 ಕಿ.ಮೀ.ಗೆ 15.6, ಅಂದ್ರೆ 18.7. ಬಂಕ್‌ನ ನಾಜಲ್ ತಾನಾಗೇ ಕಟ್ ಆಗೋ ಜಾಗದಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆ ಆಗೋದು ಸಾಮಾನ್ಯ, 14 ಲೀಟರ್‌ಗೆ ಅದೇ 3-4%. ಹಾಗಾಗಿ ಇವರಿಬ್ಬರ ನಡುವಿನ ವ್ಯತ್ಯಾಸಕ್ಕೆ ಯಾವ ಅರ್ಥವೂ ಇಲ್ಲ. ರಸ್ತೆ ಬದಲಾದಾಗ ಬಂದ ವ್ಯತ್ಯಾಸದ ಪಕ್ಕ ಅದು ಲೆಕ್ಕಕ್ಕೇ ಇಲ್ಲ. ಅಪ್ಪ ನೋಟ್‌ಬುಕ್ ಎರಡು ಸಲ ನೋಡಿ, 'ಟೈರ್‌ಗೆ ಗಾಳಿ ಚೆಕ್ ಮಾಡಿಸಬೇಕು' ಅಂತ ಎದ್ದು ಹೋದ್ರು. ಅಮ್ಮ ಏನೂ ಹೇಳಲಿಲ್ಲ, ಆದ್ರೆ ಆವತ್ತಿಂದ ನಮ್ಮ ಮನೆಯಲ್ಲಿ ಮೈಲೇಜ್ ಮಾತು ಬಂದಿಲ್ಲ.

ಟೈರ್ ಗಾಳಿ ವಿಷಯದಲ್ಲಿ ಅಪ್ಪ ಹೇಳಿದ್ದು ಸರಿನೇ. ಗಾಳಿ ಕಡಿಮೆ ಇದ್ರೆ ಟೈರ್ ಉರುಳೋಕೆ ಹೆಚ್ಚು ಶಕ್ತಿ ಬೇಕು.

ಹೈವೇನಲ್ಲಿ ಆಟ ಬೇರೆ. ಅಲ್ಲಿ ಶತ್ರು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರತ್ತೆ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದೀವಿ, ಸಂಖ್ಯೆ ಹಾಕಿ ನೋಡಿದವರು ಕಡಿಮೆ. ಸಾಧಾರಣ ಸೆಡಾನ್‌ಗೆ ಡ್ರ್ಯಾಗ್ ಗುಣಾಂಕ 0.30, ಎದುರಿನ ವಿಸ್ತೀರ್ಣ 2.2 ಚದರ ಮೀಟರ್ ಅಂತ ಹಿಡಿದ್ರೆ, 80ರ ವೇಗದಲ್ಲಿ ಗಾಳಿ ತಳ್ಳೋ ಬಲ ಸುಮಾರು 180 ನ್ಯೂಟನ್, 100ರಲ್ಲಿ 280, 120ರಲ್ಲಿ 400. ಟೈರ್‌ನ ತಡೆ ಎಲ್ಲಾ ವೇಗಕ್ಕೂ ಹೆಚ್ಚು ಕಡಿಮೆ 140. ಒಟ್ಟು 320, 420, 540. ಅಂದ್ರೆ 80ರ ಬದಲು 120ರಲ್ಲಿ ಹೋದ್ರೆ ಪ್ರತಿ ಕಿಲೋಮೀಟರ್‌ಗೂ ಸುಮಾರು 70% ಹೆಚ್ಚು ಕೆಲಸ. ಹೊರೆ ಹೆಚ್ಚಾದಾಗ ಎಂಜಿನ್‌ನ ದಕ್ಷತೆ ಸ್ವಲ್ಪ ಸುಧಾರಿಸೋದ್ರಿಂದ ಪೆಟ್ರೋಲ್ ಅಷ್ಟೂ ಹೆಚ್ಚಾಗಲ್ಲ, ಆದ್ರೂ ಜೇಬಿಗೆ ಗೊತ್ತಾಗತ್ತೆ. 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆದ ನಮ್ಮ ಮೈಸೂರು-ಬೆಂಗಳೂರು ಎಕ್ಸ್‌ಪ್ರೆಸ್‌ವೇನಲ್ಲಿ ಕಾರಿಗೆ 100ರ ಮಿತಿ ಇದೆ. ಸುಮಾರು 119 ಕಿ.ಮೀ.ಯನ್ನ 100ರಲ್ಲಿ ಹೋದ್ರೆ 71 ನಿಮಿಷ, ಮಿತಿ ಮೀರಿ 120ರಲ್ಲಿ ಹೋದ್ರೆ 60. ಉಳಿಸಿದ ಹನ್ನೊಂದು ನಿಮಿಷವನ್ನ ಕೆಂಗೇರಿಯಲ್ಲಿ ನಿಂತು ವಾಪಸ್ ಕೊಡ್ತೀರಿ. ದಂಡದ ವಿಷಯ ಬೇರೆ.

ಬೆಟ್ಟ ಹತ್ತೋದಕ್ಕೆ ಎಷ್ಟು ಬೇಕು ಅಂತ ಹಾಸ್ಟೆಲ್ ಗೆಳೆಯ ಕೇಳಿದ. ಚಾಮುಂಡಿ ಬೆಟ್ಟ ಊರಿಗಿಂತ 250 ಮೀಟರ್ ಮೇಲೆ ಇದೆ ಅಂತಿಟ್ಟುಕೊಂಡ್ರೆ, 1300 ಕೆ.ಜಿ. ಎತ್ತೋಕೆ 3.2 ಮೆಗಾಜೂಲ್. ಎಂಜಿನ್‌ನ ದಕ್ಷತೆ ಸೇರಿಸಿದ್ರೆ ಏರೋದಕ್ಕೇ ಅಂತ ಪ್ರತ್ಯೇಕವಾಗಿ ಲೀಟರ್‌ನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಇಳಿಯುವಾಗ ಗೇರ್‌ನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದ್ರೆ ಎಂಜಿನ್‌ಗೆ ಪೆಟ್ರೋಲ್ ಪೂರ್ತಿ ನಿಲ್ಲತ್ತೆ. ನ್ಯೂಟ್ರಲ್‌ಗೆ ಹಾಕಿ ಇಳಿಸೋರಿಗೆ ಈ ಲಾಭ ಇಲ್ಲ, ಜೊತೆಗೆ ಅದು ಅಪಾಯ.

ಈ ಪರೀಕ್ಷೆಯ ಗುಣ ಗೊತ್ತಾದ ಮೇಲೆ ಬ್ರೋಷರ್ ಓದೋ ರೀತಿನೇ ಬದಲಾಗತ್ತೆ. ಮಾರುತಿ ಸಿಯಾಜ್‌ಗೆ 20.65 ಅಂತ ಇತ್ತು. ಅದರಲ್ಲಿ ಸಿಗ್ನಲ್‌ನಲ್ಲಿ ನಿಂತಾಗ ಎಂಜಿನ್ ತಾನಾಗೇ ಆಫ್ ಆಗೋ ವ್ಯವಸ್ಥೆ ಇದೆ. ಪರೀಕ್ಷೆಯಲ್ಲಿ ನಿಂತೇ ಇರೋ ಸಮಯ ಧಾರಾಳವಾಗಿರೋದ್ರಿಂದ ಅದಕ್ಕೆ ಅಲ್ಲಿ ಒಳ್ಳೆ ಅಂಕ. ಸೆಕೆಗೆ ಹೆದರಿ ಆ ಬಟನ್ ಆಫ್ ಮಾಡಿಟ್ಟವರಿಗೆ ಆ ಅಂಕ ಸಿಗಲ್ಲ. 2020ರಲ್ಲಿ ಬಂದ ಹೋಂಡಾ ಸಿಟಿ ಪೆಟ್ರೋಲ್‌ಗೆ ಮ್ಯಾನುಯಲ್‌ನಲ್ಲಿ 17.8, ಆಟೋಮ್ಯಾಟಿಕ್‌ನಲ್ಲಿ 18.4. ಪರೀಕ್ಷೆಯ ಮಂದ ವೇಗದಲ್ಲಿ ಸಿವಿಟಿ ಎಂಜಿನ್ ಅನ್ನ ಸದಾ ಅನುಕೂಲದ ಜಾಗದಲ್ಲಿ ಇಡತ್ತೆ. ಅದೇ ಸಿಟಿಯ ಹೈಬ್ರಿಡ್ 2022ರಲ್ಲಿ ಬಂದಾಗ 26.5. ಬ್ರೇಕ್ ಹಾಕಿದಾಗ ಬಿಸಿಯಾಗಿ ಹೋಗ್ತಿದ್ದ ಆ 80 ಕಿಲೋಜೂಲ್‌ನಲ್ಲಿ ಒಂದಷ್ಟನ್ನ ಅದು ಬ್ಯಾಟರಿಗೆ ವಾಪಸ್ ತುಂಬಿಸಿಕೊಳ್ಳತ್ತೆ. ಚಿಕ್ಕ ಟರ್ಬೊ ಎಂಜಿನ್‌ಗಳು ಪರೀಕ್ಷೆಯಲ್ಲಿ ಟರ್ಬೊಗೆ ಕೆಲಸವೇ ಕೊಡದೆ ಪಾಸಾಗ್ತವೆ, ರಸ್ತೆಯಲ್ಲಿ ಅದರ ಎಳೆತದ ರುಚಿ ಹತ್ತಿದವರು ಪಾಸಾಗಲ್ಲ.

ಕಂಪನಿಗಳಿಗೂ ಈ ನಂಬರ್ ಜಾಹೀರಾತಿಗೆ ಮಾತ್ರ ಬೇಕಾಗಿರೋದಲ್ಲ. 2022-23ರಿಂದ ಒಂದು ಕಂಪನಿ ಮಾರೋ ಎಲ್ಲಾ ಕಾರುಗಳ ಸರಾಸರಿ ಕಿಲೋಮೀಟರ್‌ಗೆ 113 ಗ್ರಾಂ ಇಂಗಾಲದ ಡೈಆಕ್ಸೈಡ್ ಆಸುಪಾಸು ಇರಬೇಕು ಅನ್ನೋ ನಿಯಮ ಇದೆ. ಲೆಕ್ಕಕ್ಕೆ ಹಿಡಿಯೋದು ಲ್ಯಾಬ್‌ನ ಗ್ರಾಂ. ಹಾಗಾಗಿ ಪರೀಕ್ಷೆಗೆ ತಕ್ಕ ಹಾಗೆ ಕಾರು ಸಿದ್ಧ ಆಗತ್ತೆ, ವಿಟಿಯು ಹಳೆ ಪೇಪರ್ ನೋಡಿ ನಾವು ಸಿದ್ಧ ಆಗೋ ಹಾಗೆ.

ಬೇರೆ ದೇಶದವರು ಇದಕ್ಕೆ ಏನು ಮಾಡಿದ್ರು? ಅಮೆರಿಕದವರು 1985ರಲ್ಲಿ ನೇರವಾಗಿ ಕತ್ತರಿ ಹಾಕಿದ್ರು: ಲ್ಯಾಬ್‌ನಲ್ಲಿ ಬಂದ ಊರಿನ ನಂಬರ್‌ನಿಂದ 10%, ಹೈವೇ ನಂಬರ್‌ನಿಂದ 22% ಕಳೆದು ಜನಕ್ಕೆ ಹೇಳೋದು. 2008ರ ಮಾಡೆಲ್‌ಗಳಿಂದ ಎಸಿ ಹಾಕಿದ್ದು, ಚಳಿಯದ್ದು, ಜೋರು ವೇಗದ್ದು ಅಂತ ಐದು ಪರೀಕ್ಷೆ. 2012ರಲ್ಲಿ ಹ್ಯುಂಡೈ ಮತ್ತು ಕಿಯಾ ಅಲ್ಲಿ ಹೆಚ್ಚು ಮೈಲೇಜ್ ಹೇಳಿದ್ದು ಗೊತ್ತಾಗಿ ಎಲಾಂಟ್ರಾ ಸೆಡಾನ್ ಸೇರಿದಂತೆ ಹಲವು ಕಾರುಗಳ ಸ್ಟಿಕರ್ ಬದಲಾಯಿಸಬೇಕಾಯ್ತು. ಯುರೋಪ್ ತಡ ಮಾಡ್ತು. ನಮ್ಮ ಪರೀಕ್ಷೆಯ ಅಣ್ಣ ಅಲ್ಲಿದ್ದಾಗ ಲ್ಯಾಬ್‌ಗೂ ರಸ್ತೆಗೂ ಇದ್ದ ಅಂತರ 2001ರಲ್ಲಿ 9% ಆಸುಪಾಸು, 2015ರ ಹೊತ್ತಿಗೆ 40% ದಾಟಿತ್ತು ಅಂತ ಐಸಿಸಿಟಿ ಸಂಸ್ಥೆಯ ಅಧ್ಯಯನ ಹೇಳತ್ತೆ. ಕಾರು ಹಾಳಾಗಿದ್ದಲ್ಲ, ಪರೀಕ್ಷೆ ಬರೆಯೋದು ಕಲಿತಿದ್ದು. 2017ರಲ್ಲಿ ಡಬ್ಲ್ಯುಎಲ್‌ಟಿಪಿ ಅನ್ನೋ ಹೊಸ ಪರೀಕ್ಷೆ ಬಂತು: 30 ನಿಮಿಷ, 23 ಕಿ.ಮೀ., 131ರ ತನಕ ವೇಗ. ಕಾರಿನೊಳಗಿನ ಮೀಟರ್‌ಗಳಿಂದಲೇ ಮಾಹಿತಿ ಸಂಗ್ರಹಿಸಿ 2024ರಲ್ಲಿ ನೋಡಿದಾಗ ಪೆಟ್ರೋಲ್ ಕಾರುಗಳಲ್ಲಿ ಆಗಲೂ ಸುಮಾರು 24% ಅಂತರ ಇತ್ತು. ಭಾರತವೂ ಈ ಹೊಸ ಪರೀಕ್ಷೆಗೆ ಹೋಗೋ ಮಾತು ನಡೆದಿದೆ. ಹೋಗಲಿ. ಆದ್ರೆ ಅಂತರ ಮಾಯ ಆಗಲ್ಲ, ಕಡಿಮೆ ಆಗತ್ತೆ ಅಷ್ಟೇ.

ನಮ್ಮ ಪಕ್ಕದ ಕೇರಳದಲ್ಲಿ ಇದು ಗ್ರಾಹಕ ನ್ಯಾಯಾಲಯದ ತನಕ ಹೋಗಿದೆ. ಫೋರ್ಡ್ ಕ್ಲಾಸಿಕ್ ಡೀಸೆಲ್ ಸೆಡಾನ್ ಕೊಂಡ ಒಬ್ಬರು, ಜಾಹೀರಾತಿನಲ್ಲಿ ಲೀಟರ್‌ಗೆ 32 ಅಂತ ಇತ್ತು, ಅದರ ಹತ್ತಿರಕ್ಕೂ ಬರ್ತಿಲ್ಲ ಅಂತ ದೂರು ಕೊಟ್ರು. ತಜ್ಞರು ಓಡಿಸಿ ನೋಡಿದಾಗ 19.6 ಬಂತು. 2022ರಲ್ಲಿ ತ್ರಿಶೂರ್‌ನ ಆಯೋಗ ಸುಮಾರು ಮೂರು ಲಕ್ಷ ರೂಪಾಯಿ ಪರಿಹಾರ ಕೊಡಿ ಅಂತ ಹೇಳಿತು. ನಮ್ಮ 18 ಮತ್ತು 11ರ ಕಥೆಗೂ ಇದಕ್ಕೂ ಒಂದು ವ್ಯತ್ಯಾಸ ಗಮನಿಸಿ. ಅಲ್ಲಿ ತಜ್ಞರೇ ಓಡಿಸಿದ್ರೂ ಹೇಳಿದ ನಂಬರ್ ಬರಲಿಲ್ಲ. ನಮ್ಮ ಕಾರು ಬೆಂಗಳೂರು ದಾರಿಯಲ್ಲಿ ಹೇಳಿದ್ದಕ್ಕಿಂತ ಒಂದು ಹೆಚ್ಚೇ ಕೊಡ್ತು.

ದುಡ್ಡಿನ ಲೆಕ್ಕಕ್ಕೆ ಬಂದ್ರೆ, ಸಾವಿರ ಕಿ.ಮೀ.ಗೆ 18ರಲ್ಲಿ 55.6 ಲೀಟರ್, 11ರಲ್ಲಿ 91. ಅಂತರ 35 ಲೀಟರ್, ಲೀಟರ್‌ಗೆ ನೂರು ಅಂತ ಹಿಡಿದ್ರೂ 3,500 ರೂಪಾಯಿ. ವರ್ಷಕ್ಕೆ ಆರು ಸಾವಿರ ಕಿ.ಮೀ. ಊರೊಳಗೇ ಓಡಿಸೋ ಮನೆ, 18 ಬರತ್ತೆ ಅಂತ ನಂಬಿ ಇಎಂಐ ಲೆಕ್ಕ ಹಾಕಿದ್ರೆ ವರ್ಷದ ಕೊನೆಗೆ 21,000 ಕಡಿಮೆ ಬೀಳತ್ತೆ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಅದು ಸಣ್ಣ ಮೊತ್ತ ಅಲ್ಲ.

ನೀವೂ ಅಳೆಯೋದಾದ್ರೆ ಒಂದೆರಡು ಮಾತು. ಡ್ಯಾಶ್‌ಬೋರ್ಡ್ ತೋರಿಸೋ ಸರಾಸರಿಯನ್ನ ಪೂರ್ತಿ ನಂಬಬೇಡಿ, ನಮ್ಮದು ಸದಾ ಅರ್ಧ, ಮುಕ್ಕಾಲು ಹೆಚ್ಚು ತೋರಿಸತ್ತೆ. ಟ್ಯಾಂಕ್ ತುಂಬಿಸಿ, ಓಡೋಮೀಟರ್ ಬರೆದುಕೊಳ್ಳಿ, ಓಡಿಸಿ, ಅದೇ ಬಂಕ್‌ನ ಅದೇ ಪಂಪ್‌ನಲ್ಲಿ ಮತ್ತೆ ತುಂಬಿಸಿ, ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಿ. ರೌಂಡ್ ಮೊತ್ತಕ್ಕೆ ತರೋಕೆ ಹುಡುಗ ಇನ್ನಷ್ಟು ಹಾಕೋಕೆ ಬಂದ್ರೆ ಬೇಡ ಅನ್ನಿ. ಊರಿನ ಲೆಕ್ಕ ಮತ್ತು ಹೈವೇ ಲೆಕ್ಕ ಬೇರೆ ಬೇರೆ ಇಡಿ. ಆಮೇಲೆ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಬೇಡಿ. 300 ಕಿ.ಮೀ. ಊರಲ್ಲಿ 10ರ ಲೆಕ್ಕದಲ್ಲಿ, 300 ಕಿ.ಮೀ. ಹೈವೇನಲ್ಲಿ 20ರ ಲೆಕ್ಕದಲ್ಲಿ ಓಡಿಸಿದ್ರೆ ಸರಾಸರಿ 15 ಬರಲ್ಲ. 30 ಲೀಟರ್ ಮತ್ತು 15 ಲೀಟರ್, 45 ಲೀಟರ್‌ಗೆ 600 ಕಿ.ಮೀ., ಅಂದ್ರೆ 13.3. ನಮ್ಮ ಕ್ಲಾಸಲ್ಲೇ ಇದನ್ನ ಕೇಳಿದಾಗ ಹೆಚ್ಚಿನವರು 15 ಅಂದ್ರು.

ಕ್ಲಬ್‌ನ ಮುಂದಿನ ಸಂಚಿಕೆಗೆ ಮೈಸೂರಿನ ಬೇರೆ ಬೇರೆ ಬಡಾವಣೆಯ ಅಂಕಿ ಸೇರಿಸೋ ಆಸೆ ಇದೆ. ಕಾರಿನ ವಯಸ್ಸು, ಎಂಜಿನ್ ಗಾತ್ರ, ಕಿ.ಮೀ., ಲೀಟರ್, ಎಸಿ ಎಷ್ಟು ಹೊತ್ತು, ಒಂದು ಸಲಕ್ಕೆ ಸರಾಸರಿ ಎಷ್ಟು ದೂರ, ಇಷ್ಟು ಬರೆದು ಕೊಡಿ ಸಾಕು. ಯಾರು ಓಡಿಸಿದ್ರು ಅನ್ನೋ ಕಾಲಂ ಇಡಲ್ಲ.